ಪೊರಕೆ ಹಿಡಿದ ಸಂತ ಮಾರ್ಟಿನ್

ನವೆಂಬರ್ ಬಂತೆಂದರೆ ಹಬ್ಬವಿರುವ ಇಬ್ಬರು ಸಂತ ಮಾರ್ಟಿನ್‌ರನ್ನು ಕಲಸಿಬಿಡುತ್ತೇವೆ. 11ನೇ ತಾರೀಖಿನವರು ಫ್ರಾನ್ಸಿನ ತೂರ್ ನಗರದ ಧರ್ಮಾಧ್ಯಕ್ಷರು, ತಮ್ಮ ಮೇಲಂಗಿಯನ್ನು ಕತ್ತರಿಸಿ ಭಿಕ್ಷುಕನಿಗೆ ಕೊಟ್ಟವರು. 3ನೇ ತಾರೀಖಿನವರು ಪೆರು ದೇಶದ ಲೀಮಾದ ಮಾರ್ಟಿನ್ ದೆ ಪೋರೆಸ್. ಪ್ರತಿಮೆಯ ಕೈಯಲ್ಲಿ ಪೊರಕೆ ಇದ್ದರೆ ಇವರೇ.

ಆ ಪೊರಕೆ ಅಲಂಕಾರಕ್ಕಲ್ಲ. ಮಾರ್ಟಿನ್ ಹುಟ್ಟಿದ್ದು 1579ರಲ್ಲಿ. ತಾಯಿ ಆನಾ ವೆಲಾಸ್ಕೆಸ್, ಗುಲಾಮಗಿರಿಯಿಂದ ಬಿಡುಗಡೆ ಪಡೆದವಳು, ತಂದೆ ಸ್ಪೇನಿನವನು. ದೀಕ್ಷಾಸ್ನಾನದ ದಾಖಲೆಯಲ್ಲಿ ಮಾತ್ರ ‘ತಂದೆ ಗೊತ್ತಿಲ್ಲ’ ಎಂದಿದೆ. ಕರಿಯರಿಗೆ, ಮಿಶ್ರ ರಕ್ತದವರಿಗೆ ಸಂನ್ಯಾಸ ಸಭೆಯ ಪೂರ್ಣ ಸದಸ್ಯತ್ವ ಸಿಗದ ಕಾಲ ಅದು. ಹಾಗಾಗಿ ಸುಮಾರು 15ನೇ ವಯಸ್ಸಿನಲ್ಲಿ ಡೊಮಿನಿಕನ್ ಸಂನ್ಯಾಸ ಸಭೆಯ ಮಠಕ್ಕೆ ಸೇರಿದ್ದು ‘ದೊನಾದೊ’ ಆಗಿ, ಅಂದರೆ ಕಸ ಗುಡಿಸಿ ಚಾಕರಿ ಮಾಡಿಕೊಂಡಿರುವವನಾಗಿ. 1603ರಲ್ಲಿ ವ್ರತ ಸ್ವೀಕರಿಸಿ ಮಠದ ಸಹೋದರರಾದರು. ಗುರುಗಳು, ಅಂದರೆ ಪಾದ್ರಿ, ಆಗಲೇ ಇಲ್ಲ.

ಮಠಕ್ಕೆ ಬರುವ ಮುಂಚೆಯೇ ಕ್ಷೌರಿಕನ ಕಸುಬು ಕಲಿತಿದ್ದರು. ಆಗಿನ ಕ್ಷೌರಿಕ ಕೂದಲಷ್ಟೇ ಕತ್ತರಿಸುತ್ತಿರಲಿಲ್ಲ. ಹಲ್ಲು ಕೀಳುತ್ತಿದ್ದ, ರಕ್ತ ತೆಗೆಯುತ್ತಿದ್ದ, ಗಾಯಕ್ಕೆ ಕಟ್ಟು ಹಾಕುತ್ತಿದ್ದ. ಮಠದ ರೋಗಿಗಳ ಆರೈಕೆ ಇವರ ಪಾಲಿಗೆ ಬಂದದ್ದು ಅದರಿಂದಲೇ, ಕ್ಷೌರಿಕರ ಪಾಲಕ ಸಂತರೆನಿಸಿದ್ದೂ. ರೋಗಿಗಳ ಬಟ್ಟೆ ಕಡಿಯುತ್ತಿದ್ದ ಇಲಿಗಳಿಗೆ ‘ತೋಟಕ್ಕೆ ಹೋಗಿ, ದಿನಾ ಊಟ ತಂದು ಹಾಕುತ್ತೇನೆ’ ಎಂದರಂತೆ. ಕಾಲಬುಡದಲ್ಲಿ ನಾಯಿ, ಬೆಕ್ಕು, ಇಲಿ ಒಂದೇ ತಟ್ಟೆಯಲ್ಲಿ ಉಣ್ಣುವ ಚಿತ್ರ ಇಂಥ ಕಥೆಗಳಿಂದ ಬಂದದ್ದು.

ಪ್ರತಿಮೆಗೆ ಬಣ್ಣ ಹೊಡೆಸುವವರು ಎರಡು ಕಡೆ ಎಚ್ಚರವಹಿಸಬೇಕು. ನಿಲುವಂಗಿ ಬಿಳಿ ಸರಿ, ಆದರೆ ಹೆಗಲಿಂದ ಹಿಂದೆಮುಂದೆ ಇಳಿಬಿದ್ದ ಪಟ್ಟಿ ಕಪ್ಪೇ ಇರಬೇಕು. ಅದನ್ನೂ ಬಿಳಿ ಮಾಡಿದರೆ ಅವರನ್ನು ಗುರುಗಳನ್ನಾಗಿಸಿದಂತೆ. ಮೈಬಣ್ಣವನ್ನಂತೂ ತಿಳಿಗೊಳಿಸಲೇಬಾರದು. ಅವರ ಕೈಗೆ ಪೊರಕೆ ಬಂದದ್ದೇ ಆ ಬಣ್ಣದಿಂದ.

ತೀರಿಕೊಂಡದ್ದು 1639ರ ನವೆಂಬರ್ 3ರಂದು. ಸಂತ ಪದವಿಗೆ ಮುಂಚಿನ ಮೆಟ್ಟಿಲಾದ ಪುನೀತ ಪದವಿ 1837ರಲ್ಲಿ. ಸಂತ ಪದವಿ 1962ರ ಮೇ 6ರಂದು, ಪೋಪ್ 23ನೇ ಜಾನ್ ಅವರಿಂದ.

ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯಾದ ನೊವೇನಾವನ್ನು ಅಕ್ಟೋಬರ್ 25ಕ್ಕೇ ಶುರುಮಾಡಿ. 26ಕ್ಕೆ ಶುರುವಾದರೆ ಒಂಬತ್ತನೇ ದಿನ ಹಬ್ಬದ ಮೇಲೇ ಬಂದು ಕೂರುತ್ತದೆ. ಕೊನೆಯ ಎರಡು ದಿನ ಸಕಲ ಸಂತರ ಹಬ್ಬ, ಮೃತರ ಸ್ಮರಣೆ. ಸಂಜೆ ಎಲ್ಲರೂ ಸಮಾಧಿಗಳ ಬಳಿ ಇದ್ದರೆ ನೊವೇನಾಕ್ಕೆ ಜನವಿರುವುದಿಲ್ಲ. ಬೆಳಗಿನ ಬಲಿಪೂಜೆಯ (ಮಾಸ್) ಬೆನ್ನಿಗೇ ನೊವೇನಾ ಮುಗಿಸಿಬಿಡುವುದು ಮೇಲು. 3ನೇ ತಾರೀಖು ಭಾನುವಾರ ಬಿದ್ದರೆ ಆ ವರ್ಷ ಭಾನುವಾರದ ಪೂಜೆಯೇ ನಡೆಯುತ್ತದೆ, ಇವರ ಸ್ಮರಣೆ ಬಿಟ್ಟುಹೋಗುತ್ತದೆ. ಇವರದೇ ಹೆಸರಿನ ಚರ್ಚಾದರೆ ಮಾತ್ರ ಭಾನುವಾರವೂ ಹಬ್ಬದ ಪೂಜೆ ನಡೆಸಬಹುದು.