ನೆನೆಸದ ಫಾಲ್

2009ರಿಂದ ನಾಲ್ಕು ವರ್ಷ ನಾನು ಸೀರೆಗೆ ಫಾಲ್ (ಕೆಳ ಅಂಚಿನ ಒಳಬದಿಯ ಬಟ್ಟೆಪಟ್ಟಿ) ಹಚ್ಚಿದೆ. ಮುಂಬೈಯ ದಾದರ್‌ನ ಹಿಂದ್‌ಮಾತಾ ಹತ್ತಿರದ ಅಂಗಡಿಯೊಂದರಿಂದ ವಾರಕ್ಕೆರಡು ಸಲ ಗಂಟು ತರುತ್ತಿದ್ದೆ. ಅದನ್ನು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮುಲುಂಡ್‌ವರೆಗೆ ತರುವುದೇ ಒಂದು ಸಾಹಸ. ಅಂಚಿನ ಮೆಷಿನ್ ಹೊಲಿಗೆ, ಪಿಕೋ, ಅಂಗಡಿಯಲ್ಲೇ ಆಗುತ್ತಿತ್ತು, ನನ್ನದು ಕೈಹೊಲಿಗೆ. ಸೀರೆಗೆ 12 ರೂಪಾಯಿ.

ಕಾಟನ್ ಫಾಲನ್ನು ಹಚ್ಚುವ ಮೊದಲು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಸೀರೆಯ ಅಂಚನ್ನು ಎಳೆದು ಹಿಡಿಯುತ್ತದೆ, ನೆರಿಗೆಯ ಬುಡವೆಲ್ಲ ಮುದುಡುತ್ತದೆ. ನನಗೆ ಗೊತ್ತಿತ್ತು. ಮೊದಲೆರಡು ತಿಂಗಳು ನೆನೆಸಿದೆ ಕೂಡ. ಮಳೆಗಾಲ ಬಂತು. ಒಂದೇ ಕೋಣೆಯ ಮನೆಯಲ್ಲಿ ಇಪ್ಪತ್ತು ಫಾಲ್ ಎಲ್ಲಿ ಒಣಹಾಕಲಿ? ಅದಕ್ಕೇನು ಯಾರಾದರೂ ಕಾಸು ಕೊಡುತ್ತಾರೆಯೇ? ಬಿಟ್ಟೆ. ಆಮೇಲೆ ಹೊಲಿಗೆಯೂ ಉದ್ದವಾಯಿತು. ಅಕ್ಕಿಕಾಳಿನಷ್ಟಿದ್ದದ್ದು ಬೆರಳಿನ ಗೆಣ್ಣಿನಷ್ಟಾಯಿತು. ಮುಕ್ಕಾಲು ಗಂಟೆಯ ಕೆಲಸ ಇಪ್ಪತ್ತೈದು ನಿಮಿಷಕ್ಕಿಳಿಯಿತು. ಅಂಗಡಿಯವರು ಸೀರೆ ಎಣಿಸುತ್ತಿದ್ದರೇ ಹೊರತು ಮಗುಚಿ ನೋಡುತ್ತಿರಲಿಲ್ಲ.

ಪುತ್ತೂರಿನಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದರು. ಅದೂ ಸಾವಿರಕ್ಕಿಷ್ಟು ಎಂಬ ಲೆಕ್ಕವೇ. ಆದರೆ ಬೀಡಿ ಬ್ರಾಂಚಿನಲ್ಲಿ ಅವರೆದುರೇ ಕಟ್ಟು ತಿರುಗಿಸಿ ನೋಡಿ, ಸಡಿಲ ಇದ್ದದ್ದನ್ನು ಬದಿಗೆ ಹಾಕುತ್ತಿದ್ದರು. ಅಷ್ಟು ದುಡ್ಡು ಹೋಯಿತು. (ಈ ಜಗಳ ಊರೂರಲ್ಲೂ ಇತ್ತು. ಹೀಗೆ ತಿರಸ್ಕರಿಸಿದ ಬೀಡಿಯ ತಕರಾರು ತೀರಿಸಲು 1966ರ ಬೀಡಿ ಕಾರ್ಮಿಕರ ಕಾಯ್ದೆಯಲ್ಲೇ ಏರ್ಪಾಡಿತ್ತು.) ಹಾಗಾಗಿ ಅಮ್ಮ ಎಷ್ಟೇ ಬೇಗ ಕಟ್ಟಿದರೂ ಬೀಡಿ ಬಿಗಿಯಾಗಿರುತ್ತಿತ್ತು. ನನ್ನ ಫಾಲಿನ ಬಣ್ಣ ಬಯಲಾಗುವುದು ಯಾರದೋ ಮನೆಯ ಬಕೆಟ್ಟಿನಲ್ಲಿ, ಎರಡು ತಿಂಗಳ ಮೇಲೆ. ಅಷ್ಟರಲ್ಲಿ ನನ್ನ 12 ರೂಪಾಯಿ ತೊಗರಿಬೇಳೆಯಾಗಿ ಸಾರಿಗೆ ಬಿದ್ದಿರುತ್ತಿತ್ತು.

ಒಂದು ದಿನ ಮೂರನೇ ಮಾಳಿಗೆಯ ಅಕ್ಕ ಇಳಕಲ್ ಸೀರೆ ಹಿಡಿದು ಬಂದರು. "ನೋಡು ಮಾರಾಯ್ತಿ, ಎಂಥ ಫಾಲ್ ಹಚ್ಚಿದ್ದಾರೆ! ಒಂದೇ ಸಲ ಒಗೆದದ್ದು." ತಿರುಗಿಸಿ ನೋಡಿದೆ. ಕೊನೆಯಲ್ಲಿ ಎರಡು ಗಂಟು ಹಾಕಿ ದಾರದ ತುದಿಯನ್ನು ಒಳಗೆ ಸಿಕ್ಕಿಸುವುದು ನನ್ನ ಅಭ್ಯಾಸ, ಅಮ್ಮ ಕಲಿಸಿದ್ದು. ಅದೇ ಗಂಟು. ಗೆಣ್ಣುದ್ದದ ಹೊಲಿಗೆ.

"ಕೊಡಿ ಅಕ್ಕ, ಬಿಚ್ಚಿ ಬೇರೆ ಹಚ್ಚಿಕೊಡ್ತೇನೆ" ಎಂದೆ. ಹೊಸ ಫಾಲನ್ನು ರಾತ್ರಿಯಿಡೀ ನೆನೆಸಿಟ್ಟೆ.

ಎಷ್ಟಾಯಿತು ಎಂದು ಕೇಳಿದರು. ಏನೂ ಬೇಡ ಎನ್ನಬೇಕಿತ್ತು. 30 ಎಂದೆ.