ಹೊಳೆಯ ಹೆಸರು ಮಗುವಿಗೆ ಇಡುವ ಮುನ್ನ

ನಮ್ಮಲ್ಲಿ ಊರಿನ ಹೆಸರು ಸಾಮಾನ್ಯವಾಗಿ ಮಗುವಿನ ಹೆಸರಾಗುವುದಿಲ್ಲ; ಹೆಸರಿನ ಹಿಂದೋ ಮುಂದೋ ಬಂದು ಕೂರುತ್ತದೆ. ಕುವೆಂಪು ಅವರ ‘ಕು’ ಕುಪ್ಪಳ್ಳಿ. ಹಳೇ ಮೈಸೂರಿನ ಕಡೆ ಊರು ಇನಿಶಿಯಲ್ ಆಗುತ್ತದೆ, ಧಾರವಾಡದ ಕಡೆ ಅಡ್ಡಹೆಸರಾಗುತ್ತದೆ. ಹೆಸರಿಗೆ ಒದಗುವುದು ಆ ಊರಿನ ದೇವರು, ಇಲ್ಲವೇ ಹೊಳೆ. ನಂಜನಗೂಡಿನ ಸುತ್ತ ನಂಜುಂಡ, ಹಂಪಿಯ ಸುತ್ತ ವಿರೂಪಾಕ್ಷ, ಪಂಪಾಪತಿ, ಕೂಡಲಸಂಗಮದ ಕಡೆ ಸಂಗಮೇಶ, ಕೊಡಗಿನಲ್ಲಿ ಕಾವೇರಮ್ಮ, ಕಾವೇರಪ್ಪ. ತವರೂರಿನ ನೆನಪಿಗೊಂದು ಹೆಸರು ಬೇಕೆನ್ನುವವರು ಈ ಹಳೇ ದಾರಿಯನ್ನೇ ಹಿಡಿದರೆ ಮಗು ಇನಿಶಿಯಲ್‌ನಲ್ಲೂ ಹೆಸರಿನಲ್ಲೂ ಒಂದೇ ಊರನ್ನು ಹೊರುವುದು ತಪ್ಪುತ್ತದೆ.

ಊರನ್ನೇ ಇಡಬೇಕೆಂಬ ಹಟವಿದ್ದರೆ ಅದರ ಹಳೆಯ ಹೆಸರು ನೋಡಿ. ಬನವಾಸಿಗೆ ವೈಜಯಂತಿ, ಜಯಂತಿಪುರ ಎಂಬ ಹೆಸರುಗಳಿದ್ದವು. ಎರಡರಿಂದಲೂ ಹೆಣ್ಣುಮಗುವಿಗೆ ಒಳ್ಳೆಯ ಹೆಸರು ಸಿಗುತ್ತದೆ. ಮೇಲುಕೋಟೆಯ ಹಳೆಯ ಹೆಸರಾದ ‘ಯದುಗಿರಿ’, ಅಯ್ಯಂಗಾರರ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರಾಗಿ ಬಂದದ್ದೇ. ಆದರೆ ಬಾದಾಮಿಯವರು ಹಳೆಯ ಹೆಸರಿನ ತಂಟೆಗೆ ಹೋಗದಿರುವುದು ಲೇಸು. ವಾತಾಪಿ ಅಗಸ್ತ್ಯರ ಹೊಟ್ಟೆಯಲ್ಲಿ ಕರಗಿಹೋದ ರಾಕ್ಷಸ. ಹಾಲು ಕುಡಿದ ಕೂಸಿನ ಹೊಟ್ಟೆ ನೀವುತ್ತ ಅಜ್ಜಿ ‘ವಾತಾಪಿ ಜೀರ್ಣ’ ಎನ್ನುವುದು ಅವನನ್ನು ನೆನೆದೇ.

ಹೊಳೆಗಳ ಹೆಸರೇ ನಿಜವಾದ ಕಣಜ. ಆದರೆ ಮೂರು ಅಕ್ಷರ ಮೀರಿದ ಯಾವ ಹೆಸರೂ ಮನೆಯಲ್ಲಿ ಇಡಿಯಾಗಿ ಉಳಿಯುವುದಿಲ್ಲ. ಆದ್ದರಿಂದ ಮೊದಲು ಕತ್ತರಿಸಿ ನೋಡಿ. ಹೇಮಾವತಿ ಹೇಮಾ ಆಗುತ್ತಾಳೆ, ನೇತ್ರಾವತಿ ನೇತ್ರಾ, ವೇದಾವತಿ ವೇದಾ, ಕುಮುದ್ವತಿ ಕುಮುದಾ. ತುಂಡಾದರೂ ಅರ್ಥ ಕೆಡುವುದಿಲ್ಲ. ಅಘನಾಶಿನಿ ಎಂದರೆ ಪಾಪ ಕಳೆಯುವವಳು, ಕೇಳಲು ಚೆಂದ. ಮೊಟಕುಗೊಳಿಸಿದರೆ ಉಳಿಯುವುದು ‘ಅಘ’, ಅಂದರೆ ಬರೀ ಪಾಪ. ಕಪಿಲೆಯನ್ನು ಶಾಲೆಯ ಮಕ್ಕಳು ಎಲ್ಲಿಗೆ ತಂದು ನಿಲ್ಲಿಸುತ್ತಾರೆಂದು ಹೇಳಬೇಕಿಲ್ಲ. ಶಾಲ್ಮಲಾ, ವರದಾ, ತುಂಗಾ ಮೊದಲೇ ಚಿಕ್ಕವು, ಕತ್ತರಿಗೆ ಸಿಗುವುದಿಲ್ಲ. ಶಾಲ್ಮಲೆಗೆ ಇನ್ನೊಂದು ಅನುಕೂಲವೂ ಉಂಟು: ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವುದೂ ಶಾಲ್ಮಲೆ, ಶಿರಸಿಯ ಸಹಸ್ರಲಿಂಗದಲ್ಲಿ ಹರಿಯುವುದೂ ಶಾಲ್ಮಲೆ. ತಾಯಿಯದು ಧಾರವಾಡ, ತಂದೆಯದು ಶಿರಸಿಯಾದರೆ ಜಗಳವೇ ಇಲ್ಲ.

ಹೆಚ್ಚಿನವರು ಎಡವುವುದು ಇಂಗ್ಲಿಷ್ ಅಕ್ಷರಗಳಲ್ಲಿ. ನಾವು ‘ತ’ಕಾರಕ್ಕೆ ಟಿ ಜೊತೆ ಎಚ್ ಸೇರಿಸುತ್ತೇವೆ, ಹಿಂದಿಯವರು ಬರೀ ಟಿ ಬರೆಯುತ್ತಾರೆ. ಹಾಗಾಗಿ ನಮ್ಮ ಶರಾವತಿ ದಿಲ್ಲಿಯಲ್ಲಿ ‘ಶರಾವಥಿ’. ಎಚ್ ಬಿಟ್ಟರೆ ತುಂಗಾ ವಿದೇಶದಲ್ಲಿ ‘ಟುಂಗಾ’. ಎರಡಕ್ಕೂ ಒಪ್ಪುವ ಕಾಗುಣಿತವಿಲ್ಲ, ಮಗು ಬೆಳೆಯುವ ಜಾಗ ನೋಡಿ ಒಂದನ್ನು ಆರಿಸಿಕೊಳ್ಳಬೇಕು, ಅಷ್ಟೇ. ವರದ ಹುಡುಗ, ವರದಾ ಹುಡುಗಿ. ಇಂಗ್ಲಿಷಿನಲ್ಲಿ ಇಬ್ಬರೂ ಒಂದೇ. ಕೊನೆಗೆ ಎರಡು ಎ ಹಾಕಿದರೆ ಬಗೆಹರಿಯುತ್ತದೆ, ಆದರೆ ಎಲ್ಲ ದಾಖಲೆಯಲ್ಲೂ ಎರಡೇ ಇರಬೇಕು. ‘ಳ’ಕಾರ ಇರುವ ಹೆಸರನ್ನು ಕರ್ನಾಟಕದ ಆಚೆ ಬೆಳೆಯುವ ಮಗುವಿಗೆ ಇಡದಿರುವುದೇ ಮೇಲು, ಎಲ್ ಎಂಬ ಒಂದೇ ಅಕ್ಷರ ‘ಲ’ಕಾರವನ್ನೂ ‘ಳ’ಕಾರವನ್ನೂ ನುಂಗುತ್ತದೆ.

ಇನ್ನು ಕಾಗದಪತ್ರ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಗೆ ಆ ಅವಸರವಿಲ್ಲ. ಹೆಸರಿಲ್ಲದೆ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು; ಆಮೇಲೆ ವಿಳಂಬ ಶುಲ್ಕ ಕಟ್ಟಿ, 15 ವರ್ಷದವರೆಗೂ. ಆಸ್ಪತ್ರೆಯ ಫಾರಂ ಮುಂದೆ ಬಂತೆಂದು ಗಡಿಬಿಡಿಯಲ್ಲಿ ಒಂದು ಹೆಸರು ಗೀಚಿಕೊಟ್ಟರೆ, ಆಮೇಲೆ ಬದಲಿಸಲು ಪಡುವ ಪಾಡು ಹೊಸದಾಗಿ ಸೇರಿಸುವುದಕ್ಕಿಂತ ಎಷ್ಟೋ ಹೆಚ್ಚು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನಾಂಕಕ್ಕೂ ಸ್ಥಳಕ್ಕೂ ಜನನ ಪ್ರಮಾಣಪತ್ರವೇ ಆಧಾರ, ಆದ್ದರಿಂದ ಅದರಲ್ಲಿನ ಕಾಗುಣಿತವೇ ಮುಂದಕ್ಕೆಲ್ಲ ಹರಿಯುತ್ತದೆ.

ಪಾಸ್‌ಪೋರ್ಟ್‌ಗೆ ಇನಿಶಿಯಲ್ ಬಿಡಿಸಿ ಬರೆಯಬೇಕು. ಆಗ ಊರಿನ ಹೆಸರು ಅಡ್ಡಹೆಸರಿನ ಕಾಲಂಗೆ ಬಂದುಬಿಡಬಹುದು. ಹಾಗೆಂದು ಅದನ್ನು ಖಾಲಿ ಬಿಟ್ಟು ಬರೀ ‘ತುಂಗಾ’ ಎಂದರೆ, ಅಮೆರಿಕದ ವೀಸಾದಲ್ಲಿ ತುಂಗಾ ಅಡ್ಡಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಹೆಸರು ಗೊತ್ತಿಲ್ಲ ಎಂದು ಅದರರ್ಥ.