ಮೊದಲು ಇರೋ ಡೇಟಾಬೇಸ್ ನೋಡೋಣ

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಲೆಕ್ಕ ಇಡುವ ಸಾಫ್ಟ್‌ವೇರ್ ಒಂದನ್ನು ಹುಬ್ಬಳ್ಳಿಯಲ್ಲಿ ಕೂತು ನೋಡಿಕೊಳ್ಳುತ್ತೇವೆ. ಟೆಂಡರ್ ದಿನ ದಲಾಲರೆಲ್ಲ ಒಟ್ಟಿಗೆ ಲಾಟ್ ದರ (ಒಂದೊಂದು ರಾಶಿಯ ದರ) ತೆಗೆಯುತ್ತಾರೆ, ಪರದೆ ನಿಂತುಬಿಡುತ್ತದೆ. "ರೆಡಿಸ್ ಹಾಕೋಣ್ರಿ ಸರ್, ಎಲ್ಲಾ ಮೆಮೊರಿಯಾಗ ಇರತೈತಿ" ಎಂದರು ತಂಡದ ಹುಡುಗರು. ರೆಡಿಸ್ ಅಂದರೆ ಡೇಟಾವನ್ನು ಮೆಮೊರಿಯಲ್ಲೇ ಇಟ್ಟು ಥಟ್ಟನೆ ಕೊಡುವ ಡೇಟಾಬೇಸ್. ನಮ್ಮ ಲೆಕ್ಕ ಇರುವುದು ಮೈಎಸ್‌ಕ್ಯೂಎಲ್‌ನಲ್ಲಿ, ಅದು ಡೇಟಾವನ್ನು ಟೇಬಲ್‌ಗಳಾಗಿ ಡಿಸ್ಕ್‌ನಲ್ಲಿ ಇಡುವ ರಿಲೇಷನಲ್ ಡೇಟಾಬೇಸ್.

ಮೊದಲು ನಿಧಾನವಾದ ಕ್ವೆರಿಗೆ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ, ಎಕ್ಸ್‌ಪ್ಲೇನ್ ಕೊಟ್ಟು ಅದು ಉತ್ತರ ಹೇಗೆ ಹುಡುಕುತ್ತದೆ ಅಂತ ನೋಡಿದೆವು. ಒಂದು ಲಾಟ್ ಹುಡುಕಲು ಇಡೀ ಟೇಬಲ್ ಓದುತ್ತಿತ್ತು! ದಿನಾಂಕ, ಲಾಟ್ ನಂಬರ್ ಎರಡನ್ನೂ ಸೇರಿಸಿ ಒಂದು ಇಂಡೆಕ್ಸ್ (ಪುಸ್ತಕದ ಕೊನೆಯ ಸೂಚಿಯಂಥದ್ದು, ಬೇಕಾದ ಸಾಲಿಗೆ ನೇರ ಹೋಗಲು) ಹಾಕಿದೆವು. ಆಮೇಲೆ ಬಫರ್ ಪೂಲ್, ಅಂದರೆ ಡಿಸ್ಕ್‌ನಿಂದ ಓದಿದ ಡೇಟಾವನ್ನು ಮೈಎಸ್‌ಕ್ಯೂಎಲ್ ಇಟ್ಟುಕೊಳ್ಳುವ ಮೆಮೊರಿಯ ಜಾಗ. ಮೈಎಸ್‌ಕ್ಯೂಎಲ್‌ನಲ್ಲಿ ನಾವಾಗಿ ಬದಲಿಸದಿದ್ದರೆ ಸಾಮಾನ್ಯವಾಗಿ ಅದು ಬರೀ 128 ಎಂಬಿ. ಸರ್ವರ್‌ನಲ್ಲಿ ರ‍್ಯಾಮ್ ಸುಮ್ನೆ ಖಾಲಿ ಬಿದ್ದಿತ್ತು. ಪೂಲ್ ಹೆಚ್ಚಿಸಿದರೆ ಪದೇ ಪದೇ ಬೇಕಾಗುವ ಡೇಟಾ ಮೆಮೊರಿಯಲ್ಲೇ ನಿಲ್ಲುತ್ತದೆ. ರಿಲೇಷನಲ್ ಡೇಟಾಬೇಸೂ ಮೆಮೊರಿ ಬಳಸುತ್ತದೆ, ಅಲ್ವಾ? ಈಗ ದರ ಥಟ್ಟನೆ ಬರುತ್ತಿದೆ.

ರೆಡಿಸ್ ಬೇಡ ಅಂತಲ್ಲ. ಲಾಗಿನ್ ಸೆಷನ್, ಕ್ಷಣಕ್ಷಣಕ್ಕೂ ಬದಲಾಗುವ ದರದ ಬೋರ್ಡ್, ಇವಕ್ಕೆ ಅದು ಬಹಳ ಚೆನ್ನ. ಕಳೆದುಹೋದರೂ ಮತ್ತೆ ತುಂಬಿಕೊಳ್ಳಬಹುದು. ರೈತನ ಪಟ್ಟಿ, ಅಂದರೆ ಅವನ ಮಾಲಿನ ತೂಕ, ದರದ ಲೆಕ್ಕ, ಹಾಗಲ್ಲ. ರೆಡಿಸ್‌ನಲ್ಲಿ ಎಒಎಫ್ (ಪ್ರತಿ ಬದಲಾವಣೆಯನ್ನೂ ಫೈಲ್‌ಗೆ ಸೇರಿಸುತ್ತಾ ಹೋಗುವ ವ್ಯವಸ್ಥೆ) ಆನ್ ಮಾಡಿದರೂ, ಮೊದಲಿನಿಂದ ಇರುವ ಸೆಟ್ಟಿಂಗ್‌ನಲ್ಲಿ ಡಿಸ್ಕ್‌ಗೆ ಗಟ್ಟಿಯಾಗಿ ಬರೆಯುವುದು ಸೆಕೆಂಡಿಗೊಮ್ಮೆ. ನಡುವೆ ಕರೆಂಟ್ ಹೋದರೆ ಆ ಸೆಕೆಂಡಿನ ತೂಕ, ದರ ಹೋಗಬಹುದು. ಅದನ್ನು ಪ್ರತಿ ಸಲವೂ ಬರೆಯುವಂತೆ ಬಿಗಿ ಮಾಡಬಹುದು, ಆದರೆ ವೇಗ ಇಳಿಯುತ್ತದೆ. ವರ್ಷವಿಡೀ ದುಡಿದವರ ದುಡ್ಡಿನ ಲೆಕ್ಕ ಅದು. ಒಂದು ಸಾಲೂ ಕಳೆಯಬಾರದು ಅನ್ನೋದು ನನ್ನ ಹಟ.

ಹಾಗಾಗಿ ಪಟ್ಟಿ ಮೈಎಸ್‌ಕ್ಯೂಎಲ್‌ನಲ್ಲೇ ಉಳಿಯಿತು. ದರದ ಬೋರ್ಡ್ ಮುಂದಿನ ಸೀಸನ್‌ಗೆ ರೆಡಿಸ್‌ಗೆ ಹೋಗುತ್ತದೆ, ಆ ಕೆಲಸ ಹುಡುಗರದ್ದೇ.